ಸಂಜೆ ಐದೂವರೆಗೆ ಕರೆದರೆ ಯಾರು ಬರುತ್ತಾರೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗಾಗಿ ಗುಂಪು ಕಟ್ಟುತ್ತಿರುವವರು, ಟೀಚರುಗಳು, ತಾಯಂದಿರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಕೇಳಿದವರ ಹೆಸರು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಊರಿನ ಹೆಣ್ಣುಮಕ್ಕಳಿಗೆ ಕಿಶೋರಿ ಗುಂಪು ಶುರು ಮಾಡಿದೆವು. ಮೊದಲ ದಿನ 26 ಜನ ಬಂದರು, ಮೂರನೇ ತಿಂಗಳಿಗೆ ಆರು ಜನಕ್ಕೆ ಇಳಿಯಿತು. ಪ್ರತಿ ಬುಧವಾರ ಸಂಜೆ ಐದೂವರೆಗೆ ಸಮುದಾಯ ಭವನದಲ್ಲಿ ಸೇರುತ್ತೇವೆ. ಮನೆಗೇ ಹೋಗಿ ಕರೆದರೆ "ಬರ್ತೀನಕ್ಕಾ" ಅಂತಾರೆ, ಬರಲ್ಲ. ಎಲ್ಲಿ ತಪ್ಪಿದ್ದೇವೆ?
— ಸಂಘದ ಪ್ರತಿನಿಧಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲೇ ಇದೆ: ಸಂಜೆ ಐದೂವರೆ. ಆ ಹೊತ್ತಿಗೆ ಶಾಲೆಯಿಂದ ಬಂದ ಹುಡುಗಿ ಹಸು ಕಟ್ಟುತ್ತಿರುತ್ತಾಳೆ, ಡೈರಿಗೆ ಹಾಲು ಒಯ್ಯುತ್ತಿರುತ್ತಾಳೆ, ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡೇ ನೀರು ಹಿಡಿಯುತ್ತಿರುತ್ತಾಳೆ. ನಿಮ್ಮ ಕಡೆ ರೇಷ್ಮೆ ಹುಳುಮನೆಗೆ ಸೊಪ್ಪು ಹಾಕುವ ಹೊತ್ತೂ ಅದೇ. "ಬರ್ತೀನಕ್ಕಾ" ಅಂದದ್ದು ಸುಳ್ಳಲ್ಲ, ಬರುವ ಮನಸ್ಸಿದೆ. ಹೊತ್ತು ಅವಳ ಕೈಯಲ್ಲಿಲ್ಲ.

ಹೊತ್ತು ಗೊತ್ತು ಮಾಡುವ ಮೊದಲು ಒಂದು ಕೆಲಸ ಮಾಡಬೇಕಿತ್ತು, ಈಗಲೂ ಮಾಡಬಹುದು. ಬೇರೆಬೇರೆ ಕೇರಿಯ ಹತ್ತು ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಎದ್ದ ಗಳಿಗೆಯಿಂದ ಮಲಗುವವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡುತ್ತಾರೆಂದು ಒಂದು ಹಾಳೆಯಲ್ಲಿ ಬರೆಯಿರಿ. ಹತ್ತೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಎಲ್ಲರಿಗೂ ಬಿಡುವಿರುವ ಜಾಗ ಒಂದೋ ಎರಡೋ ಕಾಣುತ್ತದೆ. ಹೆಚ್ಚಿನ ಹಳ್ಳಿಗಳಲ್ಲಿ ಅದು ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಕೂಡಲೇ, ಇಲ್ಲವೇ ಭಾನುವಾರ ಬಟ್ಟೆ ಒಗೆದು ಮುಗಿದ ಮೇಲೆ ಹನ್ನೊಂದರ ಸುಮಾರಿಗೆ. ಎರಡರಲ್ಲಿ ಶನಿವಾರವೇ ಮೇಲು. ಮನೆ ಮುಟ್ಟುವ ಮೊದಲೇ ಸಿಕ್ಕ ಹುಡುಗಿ ಸಿಕ್ಕಳು. ಹೊಸಿಲು ದಾಟಿದಳೋ, ಕೆಲಸ ಅವಳನ್ನು ಹಿಡಿದುಕೊಳ್ಳುತ್ತದೆ.

ಜಾಗದ ಮಾತು ಇದಕ್ಕಿಂತ ಸೂಕ್ಷ್ಮ. ಸಮುದಾಯ ಭವನದ ಜಗಲಿಯಲ್ಲಿ ಸಂಜೆ ಯಾರು ಕೂತಿರುತ್ತಾರೆ, ಇಸ್ಪೀಟು ನಡೆಯುತ್ತದೆಯೇ ನೋಡಿ. ಹದಿನೈದರ ಹುಡುಗಿಗೆ ಆ ಜಗಲಿ ದಾಟುವುದೇ ಒಂದು ಪರೀಕ್ಷೆ. ಭವನ ಯಾವ ಕೇರಿಯಲ್ಲಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಊರೊಳಗಿದ್ದರೆ ಕಾಲೋನಿಯ ಮಕ್ಕಳು ಹಿಂಜರಿಯುತ್ತಾರೆ, ಕಾಲೋನಿಯಲ್ಲಿದ್ದರೆ ಊರಿನವರು ಕಳಿಸುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಜರಿ ಪುಸ್ತಕ ಹೇಳುತ್ತದೆ. ಶಾಲೆಯಲ್ಲಾದರೆ ಎಲ್ಲರೂ ಆಗಲೇ ಒಟ್ಟಿಗೆ ಕೂತವರು, ಶೌಚಾಲಯವೂ ಇರುತ್ತದೆ. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಬೀಗದ ಕೈ ಯಾರ ಹತ್ತಿರ ಇರಬೇಕೆಂದೂ ಅದರಲ್ಲೇ ಬರೆಸಿ. ಗುಂಪುಗಳು ಸೊರಗುವುದಕ್ಕೆ ಅರ್ಧ ಕಾರಣ ಬೀಗದ ಕೈ.

26 ಜನರನ್ನು ಒಂದೇ ಗುಂಪಾಗಿ ಕೂರಿಸಿದ್ದೂ ಸರಿಯಾಗಲಿಲ್ಲ. 11ರಿಂದ 14 ಒಂದು, 15ರಿಂದ 18 ಒಂದು ಎಂದು ಬೇರೆ ಮಾಡಿ. ದೊಡ್ಡವರೆದುರು ಚಿಕ್ಕವರು ಬಾಯಿ ತೆರೆಯುವುದಿಲ್ಲ, ಚಿಕ್ಕವರೆದುರು ದೊಡ್ಡವರು ಮನಸ್ಸು ತೆರೆಯುವುದಿಲ್ಲ. ಒಂದು ಗುಂಪಿನಲ್ಲಿ 12ರಿಂದ 18 ಜನರಿದ್ದರೆ ಸಾಕು. ಒಂದೂವರೆ ಗಂಟೆಯ ಮೇಲೆ ಒಂದು ನಿಮಿಷವೂ ಹಿಡಿದಿಡಬೇಡಿ: ಮೊದಲ ಅರ್ಧ ಗಂಟೆ ಆಟ, ನಡುವೆ ಮುಕ್ಕಾಲು ಗಂಟೆ ಆ ದಿನದ ವಿಷಯ, ಕೊನೆಯ ಕಾಲು ಗಂಟೆ ಮುಂದಿನ ವಾರದ ಮಾತು. ಒಂದು ಥ್ರೋಬಾಲ್, ಒಂದು ಉದ್ದ ಹಗ್ಗ, ಚಾರ್ಟು, ಸ್ಕೆಚ್ ಪೆನ್ನು ಇಷ್ಟಿದ್ದರೆ ಮೊದಲ ಆರು ತಿಂಗಳು ನಡೆಯುತ್ತದೆ. ಆಟವನ್ನು ಮಾತ್ರ ಕೊನೆಗೆ ಇಡಬೇಡಿ. ಕೊನೆಗಿಟ್ಟದ್ದು ತಪ್ಪಿಹೋಗುತ್ತದೆ, ಅವರು ಬರುವುದೇ ಅದಕ್ಕೆ.

ಮೊದಲ ತಿಂಗಳಲ್ಲೇ ಮುಟ್ಟು, ಬಾಲ್ಯವಿವಾಹ ಎಂದು ಭಾಷಣ ಹೊಡೆದಿದ್ದರೆ ಅದೂ ಕಾರಣವಿರಬಹುದು. "ಅಲ್ಲಿ ಏನೇನೋ ಹೇಳ್ಕೊಡ್ತಾರಂತೆ" ಎಂಬ ಮಾತು ಒಂದೇ ವಾರದಲ್ಲಿ ಊರು ಸುತ್ತುತ್ತದೆ. ಮೊದಲು ಸೈಕಲ್ ಕಲಿಸಿ, ಬ್ಯಾಂಕ್ ಚಲನ್ ತುಂಬಿಸಿ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ಎಲ್ಲೆಲ್ಲಿ ಓಡಾಡಲು ಭಯ ಎಂದು ಗುರುತು ಹಾಕಿಸಿ. ದೇಹದ ವಿಷಯ ಮೂರನೇ ತಿಂಗಳಿಗೆ ಬರಲಿ. ಅದಕ್ಕೂ ಒಂದು ವಾರ ಮುಂಚೆ ಅದೇ ಚಿತ್ರಗಳನ್ನು ತಾಯಂದಿರಿಗೆ ತೋರಿಸಿ. ಅವರ ನಗು, ನಾಚಿಕೆ, ಪ್ರಶ್ನೆ ಎಲ್ಲ ಅಲ್ಲೇ ಮುಗಿದರೆ ಮನೆಯಲ್ಲಿ ತಕರಾರು ಏಳುವುದಿಲ್ಲ.

ಹಾಜರಿಯಲ್ಲಿ "ಬರಲಿಲ್ಲ" ಎಂದಷ್ಟೇ ಬರೆಯದೆ ಪಕ್ಕದಲ್ಲಿ ಯಾಕೆ ಎಂದೂ ಒಂದು ಪದ ಬರೆಯಿರಿ. ಮೂರು ತಿಂಗಳ ಆ ಪದಗಳನ್ನು ಎಣಿಸಿದರೆ ಮುಂದೇನು ಮಾಡಬೇಕೆಂದು ಬೇರೆ ಯಾರನ್ನೂ ಕೇಳಬೇಕಿಲ್ಲ. "ಮಗು ನೋಡ್ಕೊಬೇಕು" ಎಂಬುದು ಐದಾರು ಸಲ ಬಂದರೆ ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ನಡೆಯುತ್ತಿದೆಯೇ ವಿಚಾರಿಸಿ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದು ಅದು ಶುರುವಾದದ್ದು. ಇಲ್ಲದ ಕಡೆ ಕೂಸನ್ನು ಎತ್ತಿಕೊಂಡೇ ಬರಲಿ, ಒಂದು ಚಾಪೆ ಹೆಚ್ಚಿಗೆ ಹಾಸಿ. ಎರಡು ವಾರ ಬಾರದವಳನ್ನು ಕರೆಯಲು ನೀವು ಹೋಗಬೇಡಿ, ಗೆಳತಿಯನ್ನು ಕಳಿಸಿ. ನೀವು ಹೋದರೆ ಅದು ದೂರಿನಂತೆ ಕಾಣುತ್ತದೆ. ಗುಂಪಿನ ಮುಂದಾಳುಗಳಾಗಿ ಇಬ್ಬರನ್ನು ಆರಿಸಿ ನಾಲ್ಕು ತಿಂಗಳಿಗೊಮ್ಮೆ ಬದಲಿಸಿ. ಪಂಚಾಯಿತಿ ಸದಸ್ಯರ ಮಗಳೇ ಕಾಯಂ ಆಗಿ ಕೂತರೆ ಉಳಿದವರಿಗೆ ಅದು ಅವಳ ಮನೆಯ ಗುಂಪಾಗುತ್ತದೆ.

ಇನ್ನು ರೇಷ್ಮೆ ಹುಳು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನ ಹುಳು ತಿನ್ನುವಷ್ಟು ಸೊಪ್ಪನ್ನು ಅದರ ಹಿಂದಿನ ದಿನಗಳೆಲ್ಲ ಸೇರಿದರೂ ತಿಂದಿರುವುದಿಲ್ಲ. ಆಮೇಲೆ ಹಣ್ಣಾದ ಹುಳು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಮನೆಮಂದಿಯ ಕೈಯೆಲ್ಲ ಬೇಕಾಗುವ ಆ ವಾರ ಗುಂಪಿಗೆ ರಜೆ ಎಂದು ನೀವೇ ಘೋಷಿಸಿಬಿಡಿ. ರಜೆ ಕೊಟ್ಟರೆ ಮುಂದಿನ ವಾರ ಬರುತ್ತಾರೆ, ಗೈರುಹಾಜರಿ ಹಾಕಿದರೆ ಬರುವುದಿಲ್ಲ. ತುಮಕೂರಿನ ಕಡೆಯವರು ಹುಣಸೆಹಣ್ಣು ಕುಟ್ಟುವ ತಿಂಗಳುಗಳಿಗೂ ಇದೇ ಲೆಕ್ಕ ಹಾಕಿಕೊಳ್ಳಬಹುದು.

ಪ್ರಶ್ನೆ: ರಕ್ತಹೀನತೆಗೆಂದು ಸೋಮವಾರ ಕೊಡುವ ನೀಲಿ ಮಾತ್ರೆಯನ್ನು ಹೆಣ್ಣುಮಕ್ಕಳು ಕಿಟಕಿಯಿಂದಾಚೆ ಎಸೆಯುತ್ತಾರೆ. ಹೊಟ್ಟೆ ತೊಳಸುತ್ತದಂತೆ. "ಮುಂದೆ ಮಕ್ಕಳಾಗಲ್ಲ" ಎಂದು ಮನೆಯಲ್ಲಿ ಹೆದರಿಸಿದ್ದಾರಂತೆ.
— ಪ್ರೌಢಶಾಲಾ ಶಿಕ್ಷಕಿ, ಪಾವಗಡ ತಾಲ್ಲೂಕು

ಉತ್ತರ: ಆ ಹೆದರಿಕೆಗೆ ಉತ್ತರ ಮಾತ್ರೆಯ ಒಳಗೇ ಇದೆ. ನೀಲಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿರುವುದೂ ಇವೇ ಎರಡು. ಬಣ್ಣ ಬೇರೆ ಮಾಡಿರುವುದು ವಯಸ್ಸಿನ ಗುರುತಿಗೆ: 5ರಿಂದ 9 ವರ್ಷದವರಿಗೆ ಗುಲಾಬಿ, 10ರಿಂದ 19ರವರಿಗೆ ನೀಲಿ. ತಾಯಂದಿರ ಸಭೆಯಲ್ಲಿ ಎರಡೂ ಸ್ಟ್ರಿಪ್ ಕೈಗೆ ಕೊಟ್ಟು, "ನೀವು ಬಸುರಿಯಾಗಿದ್ದಾಗ ನುಂಗಿದ್ದು ಇದನ್ನೇ ಅಲ್ಲವೇ?" ಎಂದು ಕೇಳಿ. ವೈದ್ಯರ ಭಾಷಣಕ್ಕಿಂತ ಇದು ಬೇಗ ನಾಟುತ್ತದೆ.

ತೊಳಸುವುದು ನಿಜ. ಬರಿಹೊಟ್ಟೆಯಲ್ಲಿ ನುಂಗಿದರೆ ತೊಳಸುತ್ತದೆ. ಬೆಳಗಿನ ಪ್ರಾರ್ಥನೆ ಮುಗಿಸಿ ಸಾಲಾಗಿ ನಿಲ್ಲಿಸಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಬಿಡಿ. ಅರ್ಧದಷ್ಟು ಮಕ್ಕಳು ಏನೂ ತಿನ್ನದೆ ಬಂದಿರುತ್ತಾರೆ. ಮಧ್ಯಾಹ್ನದ ಊಟ ಮುಗಿದ ಮೇಲೆ, ಕೈತೊಳೆಯುವ ಜಾಗದಲ್ಲಿ, ಒಂದು ಲೋಟ ನೀರಿನೊಂದಿಗೆ ಎದುರಿಗೇ ನುಂಗಿಸಿ. ಬೆಳಿಗ್ಗೆ ಕೊಡುವ ಕ್ಷೀರಭಾಗ್ಯದ ಹಾಲಿಗೂ ಇದಕ್ಕೂ ಆಗ ಅಂತರ ಸಿಗುತ್ತದೆ; ಹಾಲಿನ ಸುಣ್ಣದಂಶ ಕಬ್ಬಿಣವನ್ನು ಮೈಗೆ ಹಿಡಿಯಗೊಡುವುದಿಲ್ಲ. ಟೀ, ಕಾಫಿಯನ್ನು ಒಂದು ಗಂಟೆ ಹಿಂದೆ ಮುಂದೆ ತಪ್ಪಿಸಬೇಕು. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಎರಡನೇ ಸೋಮವಾರವೇ ಕಿಟಕಿ ದಾರಿ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಕೊಡಬಾರದು.

ಮಾತ್ರೆಯಷ್ಟೇ ಸಾಲದು, ಜಂತುಹುಳು ಇದ್ದರೆ ಕೊಟ್ಟ ಕಬ್ಬಿಣವೆಲ್ಲ ಅದರ ಪಾಲು. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಅಗಿದು ತಿನ್ನುವಂಥದ್ದು, ನುಂಗುವಂಥದ್ದಲ್ಲ. ಮನೆಯೂಟದಲ್ಲಿ ಮುದ್ದೆ ಬಿಡಿಸುವ ಪ್ರಶ್ನೆಯೇ ಇಲ್ಲ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟನ್ನು ಮಾಮೂಲಿ ಹಿಟ್ಟಿಗೆ ಬೆರೆಸಿದರೆ ಕಬ್ಬಿಣ ಸುಲಭವಾಗಿ ಹಿಡಿಯುತ್ತದೆ. ಜೊತೆಗೆ ಹುರುಳಿ ಮೊಳಕೆಯ ಸಾರು, ಮಸ್ಸೊಪ್ಪು, ಮೇಲೊಂದಿಷ್ಟು ನಿಂಬೆರಸ ಅಥವಾ ಊಟವಾದ ಮೇಲೆ ಒಂದು ಸೀಬೆಹಣ್ಣು.

ಹನ್ನೆರಡು ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ವಾರದ ಮಾತ್ರೆ ಸಾಕಾಗುವುದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನದ ಮಾತ್ರೆ ಬರೆಸಿಕೊಳ್ಳಬೇಕು. 8ಕ್ಕಿಂತ ಕೆಳಗಿದ್ದರೆ ಅದೇ ದಿನ ಆಸ್ಪತ್ರೆ.

ಪ್ರಶ್ನೆ: ನಮ್ಮ ಶಾಲೆಗೆ ಗೊಲ್ಲರಹಟ್ಟಿಯಿಂದ ಬರುವ ಹುಡುಗಿಯರು ಪ್ರತಿ ತಿಂಗಳು ನಾಲ್ಕೈದು ದಿನ ಬರುವುದೇ ಇಲ್ಲ. ಮುಟ್ಟಾದಾಗ ಹಟ್ಟಿಯ ಆಚೆ ಕೂರಿಸುತ್ತಾರೆ. ಹೇಳಲು ಹೋದರೆ ದೇವರ ಮಾತು ತೆಗೆಯುತ್ತಾರೆ.
— ಶಿಕ್ಷಕ, ಶಿರಾ ತಾಲ್ಲೂಕು

ಉತ್ತರ: ಕಾನೂನು ಸ್ಪಷ್ಟವಾಗಿದೆ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರಾಚೆ ಇಡುವುದು ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕ ಕಾಯ್ದೆಯಡಿ ಅಪರಾಧ. ಆದರೆ ಶಿಕ್ಷಕರು ಕಾಯ್ದೆಯ ಪ್ರತಿ ಹಿಡಿದು ಹಟ್ಟಿಗೆ ಹೋದರೆ ಮರುದಿನ ಹುಡುಗಿಯನ್ನು ಶಾಲೆಯಿಂದಲೇ ಬಿಡಿಸಬಹುದು.

ಬೇರೆ ತುದಿಯಿಂದ ಹಿಡಿಯಿರಿ. ಹಟ್ಟಿಯ ನೇಮ ಹಟ್ಟಿಯೊಳಗೆ ಬರಬಾರದು ಎನ್ನುತ್ತದೆ, ಶಾಲೆಗೆ ಹೋಗಬಾರದು ಎನ್ನುವುದಿಲ್ಲ. ಶಾಲೆ ಹಟ್ಟಿಯ ಆಚೆಯೇ ಇದೆಯಲ್ಲ! ಹಾಗಾದರೆ ಯಾಕೆ ಬರುವುದಿಲ್ಲ? ಆಚೆ ಕೂತಲ್ಲಿ ಸ್ನಾನಕ್ಕೆ ನೀರಿಲ್ಲ, ಬದಲಿಸಲು ಬಟ್ಟೆಯಿಲ್ಲ, ಯೂನಿಫಾರಂ ಮತ್ತು ಪುಸ್ತಕದ ಚೀಲ ಮನೆಯೊಳಗಿದೆ. ಈ ಮೂರಕ್ಕೆ ಪರಿಹಾರ ಕಂಡರೆ ದೇವರ ಮಾತು ಎತ್ತದೆಯೇ ಹಾಜರಿ ಏರುತ್ತದೆ. ಒಂದು ಜೊತೆ ಯೂನಿಫಾರಂ, ಪುಸ್ತಕ ಶಾಲೆಯಲ್ಲೇ ಇರಲಿ. ಹುಡುಗಿಯರ ಶೌಚಾಲಯದಲ್ಲಿ ಬಕೆಟ್ಟು, ಮಗ್ಗು, ಸೋಪು, ಒಳಚಿಲಕ, ಮುಚ್ಚಳವಿರುವ ಡಬ್ಬಿ ಇರಲಿ. ಪ್ಯಾಡು ಶಿಕ್ಷಕಿಯ ಬೀರುವಿನಲ್ಲಿದ್ದರೆ ಯಾರೂ ಕೇಳುವುದಿಲ್ಲ, ಶೌಚಾಲಯದೊಳಗೇ ಚೀಲದಲ್ಲಿ ತೂಗುಹಾಕಿ. ಸರ್ಕಾರ ಉಚಿತವಾಗಿ ಕೊಡುವ ಶುಚಿ ಯೋಜನೆಯ 10 ಪ್ಯಾಡಿನ ಒಂದು ಕಟ್ಟು ಒಂದು ತಿಂಗಳಿಗೆ ಸಾಕೆಂದು ತಿಳಿಯಬೇಡಿ. ದಿನಕ್ಕೆ ಮೂರರಂತೆ ಐದು ದಿನಕ್ಕೆ 15 ಬೇಕು.

ಬಟ್ಟೆ ಪ್ಯಾಡು ಹೊಲಿಯುವುದಾದರೆ ಹತ್ತಿ ಫ್ಲಾನೆಲ್ ಬಟ್ಟೆ ತೆಗೆದುಕೊಳ್ಳಿ. ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಸೊಟ್ಟಗಾಗುತ್ತದೆ. ಉದ್ದ 24–25 ಸೆಂ.ಮೀ., ನಡುವಿನ ಅಗಲ 7 ಸೆಂ.ಮೀ., ಒಳಗೆ ಮೂರು ನಾಲ್ಕು ಪದರ, ಎರಡು ಬದಿ ರೆಕ್ಕೆಗೆ ಟಿಚ್ ಬಟನ್. ಒಬ್ಬಳಿಗೆ ಆರು ಬೇಕು. ತಣ್ಣೀರಲ್ಲಿ ನೆನೆಸಿ ಒಗೆಯಬೇಕು, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಕೆಡುವುದು ಒಣಗಿಸುವಾಗ: ನಾಚಿಕೆಗೆ ಮಂಚದ ಕೆಳಗೋ ದಪ್ಪ ಸೀರೆಯ ಅಡಿಯೋ ಹಾಕುತ್ತಾರೆ, ಪಸೆ ಉಳಿದು ತುರಿಕೆ ಹತ್ತುತ್ತದೆ. ತೆಳು ಹತ್ತಿಯ ಬಟ್ಟೆ ಮುಚ್ಚಿ ಬಿಸಿಲಲ್ಲೇ ಹಾಕಿದರೆ ಕಾಣುವುದೂ ಇಲ್ಲ, ಒಣಗುತ್ತದೆ ಕೂಡ.

ಮುಟ್ಟಾದವರು ಉಳಿಯಲೆಂದು ಹಟ್ಟಿಗಳ ಪಕ್ಕ ಸರ್ಕಾರ ಕಟ್ಟಿದ ಕೃಷ್ಣ ಕುಟೀರಗಳ ಬಗ್ಗೆ ಒಂದು ಮಾತು. ಗುಡಿಸಲಿಗಿಂತ ಅವು ಮೇಲು, ಸರಿ. ಆಚೆ ಕೂರುವುದಕ್ಕೆ ಆರ್‌ಸಿಸಿ ಹಾಕಿಕೊಟ್ಟಂತೆಯೂ ಆಯಿತು.

ಪ್ರಶ್ನೆ: ಪಕ್ಕದ ಬೀದಿಯ ಹುಡುಗಿಗೆ ಹದಿನಾರು. ಸೋದರಮಾವನಿಗೆ ಕೊಡುವ ಮಾತಾಗಿದೆ, ಗಡಿ ಆಚೆ ಆಂಧ್ರದ ದೇವಸ್ಥಾನದಲ್ಲಿ ತಾಳಿ ಕಟ್ಟಿಸುತ್ತಾರಂತೆ. ಆಧಾರ್‌ನಲ್ಲಿ ಹತ್ತೊಂಬತ್ತು ಅಂತಿದೆಯಂತೆ. ಫೋನ್ ಮಾಡಿದರೆ ನಮ್ಮ ಹೆಸರು ಹೊರಬರುತ್ತಾ? ಮಾಡಿ ಪ್ರಯೋಜನ ಇದೆಯಾ?
— ಪದವಿ ವಿದ್ಯಾರ್ಥಿನಿ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೆಸರು ಹೇಳಬೇಕಾಗಿಲ್ಲ, ಹೇಳಿದರೂ ಗುಟ್ಟಾಗಿಡುತ್ತಾರೆ. ಮದುವೆ ಮರುದಿನವೇ ಇದ್ದರೆ ತುರ್ತು ಸಂಖ್ಯೆ 112ಕ್ಕೂ ಮಾಡಿ. ಕರೆ ಮಾಡುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ಹುಡುಗಿಯ ಹೆಸರು, ತಂದೆಯ ಹೆಸರು, ಕೊನೆಗೆ ಓದಿದ ಶಾಲೆ ಮತ್ತು ತರಗತಿ, ಊರು, ಹೋಬಳಿ, ಮನೆಗೆ ಗುರುತು, ಮದುವೆಯ ದಿನ, ಹೊತ್ತು, ದೇವಸ್ಥಾನದ ಹೆಸರು, ಗಂಡಿನ ಊರು. "ನಮ್ಮೂರಲ್ಲಿ ಒಂದು ಬಾಲ್ಯವಿವಾಹ ಆಗ್ತಿದೆ" ಎಂದಷ್ಟೇ ಹೇಳಿದ ಕರೆಗಳಲ್ಲಿ ಮನೆ ಹುಡುಕುವುದರಲ್ಲೇ ಮುಹೂರ್ತ ಮುಗಿದಿರುತ್ತದೆ. ಇವುಗಳಲ್ಲಿ ಶಾಲೆಯ ಹೆಸರು ಬಲು ಮುಖ್ಯ. ವಯಸ್ಸಿಗೆ ಆಧಾರ್ ಪುರಾವೆಯಲ್ಲ. ಬಾಲನ್ಯಾಯ ಕಾಯ್ದೆ, 2015ರ ಕಲಂ 94ರ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಶಾಲೆ ಗೊತ್ತಾದರೆ ಅಧಿಕಾರಿ ಅರ್ಧ ಗಂಟೆಯಲ್ಲಿ ವಯಸ್ಸು ಖಚಿತ ಮಾಡಿಕೊಳ್ಳಬಹುದು.

ಗಡಿ ದಾಟಿದರೆ ಕಾನೂನು ದಾಟಿದಂತಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಆಂಧ್ರದಲ್ಲೂ ಇದೆ. ಮದುವೆ ಮಾಡಿಕೊಂಡ ವಯಸ್ಕ ಗಂಡಿಗೆ, ನಡೆಸಿದವರಿಗೆ, ಮಾಡಿಸಿದ ಹೆತ್ತವರಿಗೆ, ಗೊತ್ತಿದ್ದೂ ಪಾಲ್ಗೊಂಡವರಿಗೆ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಹೆಂಗಸರಿಗೆ ಜೈಲಿಲ್ಲ, ದಂಡವಿದೆ. ಕರ್ನಾಟಕದ ತಿದ್ದುಪಡಿ ಬಾಲ್ಯವಿವಾಹವನ್ನು ಹುಟ್ಟಿನಿಂದಲೇ ಅಸಿಂಧು ಎನ್ನುತ್ತದೆ. ಗಡಿ ತಾಲ್ಲೂಕುಗಳಲ್ಲಿ ತಡೆಯಬೇಕಾದ್ದು ವ್ಯಾನು ಊರು ಬಿಡುವ ಮೊದಲು. ಆ ಕಡೆಯ ಠಾಣೆಗೆ ವಿಷಯ ಮುಟ್ಟಿಸುವ ಹೊತ್ತಿಗೆ ತಡವಾಗಿರುತ್ತದೆ.

ಪ್ರಯೋಜನ ಇದೆಯೇ ಎಂದು ಕೇಳಿದ್ದೀರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಮದುವೆ ಮನೆಗೆ ಜೀಪು ಹೋಗುವುದರಿಂದ ಮಾತ್ರ ಇದು ಇಳಿಯುವುದಿಲ್ಲ. ಎಡವುವುದು ಎಲ್ಲೆಂದರೆ, ನಿಲ್ಲಿಸಿದ ಮರುದಿನ. ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು ಎಲ್ಲರೂ ಹೊರಡುತ್ತಾರೆ, ಎರಡು ತಿಂಗಳಿಗೆ ಬೇರೆ ಊರಿನಲ್ಲಿ ಸದ್ದಿಲ್ಲದೆ ತಾಳಿ ಬೀಳುತ್ತದೆ. ಆದ್ದರಿಂದ ಮುಚ್ಚಳಿಕೆಗೆ ನಿಲ್ಲಬಾರದು. ಕಾಯ್ದೆಯ ಕಲಂ 13ರಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಬಾಲ್ಯವಿವಾಹ ನಿಷೇಧಾಧಿಕಾರಿಯನ್ನು ಕೇಳಿ. ಮಹಿಳಾ ಮತ್ತು ಮಕ್ಕಳ ಇಲಾಖೆಯ ತಾಲ್ಲೂಕು ಅಧಿಕಾರಿ ಸಿಡಿಪಿಓ, ತಹಶೀಲ್ದಾರ್, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಪಿಡಿಓ ಇವರೆಲ್ಲ ನಮ್ಮ ರಾಜ್ಯದಲ್ಲಿ ಆ ಅಧಿಕಾರ ಉಳ್ಳವರು. ಹುಡುಗಿ ಮನೆಯಲ್ಲಿರಲು ಹೆದರಿದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಮನೆಯವರ ಜೊತೆ ಮಾತಾಡುವವರು ಒಂದು ವಿಷಯ ತಿಳಿಸಲಿ, ಇದು ಅನೇಕರಿಗೆ ಗೊತ್ತಿಲ್ಲ. ಹುಡುಗಿ ಹದಿನೆಂಟರೊಳಗೆ ಬಸುರಿಯಾಗಿ ತಾಯಿ ಕಾರ್ಡಿಗೆ ಆಸ್ಪತ್ರೆಗೆ ಹೋದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಗಂಡನ ಮೇಲೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣ ದಾಖಲಾಗುತ್ತದೆ. ಈ ಸಂಬಂಧದಲ್ಲಿ ಗಂಡನೆಂದರೆ ಹುಡುಗಿಯ ತಾಯಿಯ ಸ್ವಂತ ತಮ್ಮ. "ಮಗಳ ಬದುಕು ಹಾಳಾಗುತ್ತದೆ" ಎಂಬ ಮಾತಿಗೆ ಅಲುಗದ ಮನೆ ಕೆಲವೊಮ್ಮೆ ಈ ಮಾತಿಗೆ ಅಲುಗುತ್ತದೆ.

ಮತ್ತೆ, ಮದುವೆಯ ಆತುರ ಯಾಕೆ ಬಂತೆಂದು ಕೇಳಿ. ಹತ್ತನೇ ತರಗತಿಯಾದ ಮೇಲೆ ಪಿಯು ಕಾಲೇಜು ದೂರ, ಬಸ್ಸು ಸಂಜೆ ಇಲ್ಲ, ಯಾರೋ ಹುಡುಗ ಹಿಂದೆ ಬೀಳುತ್ತಾನೆ, ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಕೂಲಿಗೆ ಹೋಗಲು ಭಯ: ಇವುಗಳಲ್ಲಿ ಒಂದಿರುತ್ತದೆ. ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ಈ ನಾಲ್ಕಕ್ಕೂ ಉತ್ತರ ಸಿಕ್ಕಂತೆ.

ಪ್ರಶ್ನೆ: ಮಗಳ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿಯಲ್ಲಿ ತೋರಿಸುತ್ತದೆ, ಪಾಸ್‌ಬುಕ್ಕಿಗೆ ಬಂದಿಲ್ಲ.
— ತಾಯಿ, ಮುಳಬಾಗಿಲು ತಾಲ್ಲೂಕು

ಉತ್ತರ: ಬಹುಶಃ ಬೇರೆ ಪಾಸ್‌ಬುಕ್ಕಿಗೆ ಬಂದಿದೆ. ಹಣ ಹೋಗುವುದು ನೀವು ಬರೆದುಕೊಟ್ಟ ಖಾತೆಗಲ್ಲ, ಮಗಳ ಆಧಾರ್‌ಗೆ ಕೊನೆಯದಾಗಿ ಸೀಡ್ ಆದ (ಹಣ ಜಮೆಗೆಂದು ಜೋಡಿಸಿದ) ಬ್ಯಾಂಕಿಗೆ. ಶಾಲೆಯಲ್ಲಿದ್ದಾಗ ತೆಗೆಸಿ ಮರೆತ ಖಾತೆ ಇದೆಯೇ ನೋಡಿ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕೆಂದು ತಿಳಿಯುತ್ತದೆ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆ" ಎಂದರೆ ಸಾಲದು, "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ?" ಎಂದೇ ಕೇಳಿ. ಎರಡೂ ಬೇರೆ, ಸರ್ಕಾರದ ಹಣ ಬರುವುದು ಎರಡನೆಯದರಿಂದ. ಆಗದಿದ್ದರೆ ಅಂಚೆಯಣ್ಣನ ಮೂಲಕ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆಸಿ ಸೀಡ್ ಮಾಡಿಸಬಹುದು. ಆಧಾರ್‌ನಲ್ಲಿರುವ ಹೆಸರೂ ಶಾಲೆಯ ದಾಖಲೆಯ ಹೆಸರೂ ಅಕ್ಷರ ತಪ್ಪದೆ ಹೊಂದಬೇಕು. ತಂದೆಯ ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಕೌಶಲ ಎಂದರೆ ಹೊಲಿಗೆ ತರಬೇತಿ ಬಿಟ್ಟು ಬೇರೇನೂ ಇಲ್ಲವೇ? ನಮ್ಮೂರಲ್ಲಿ ಮೂರು ಬ್ಯಾಚ್ ಆಯಿತು.
— ಗ್ರಾಮ ಪಂಚಾಯಿತಿ ಸದಸ್ಯೆ, ಮಾಲೂರು ತಾಲ್ಲೂಕು

ಉತ್ತರ: ಒಂದೇ ಊರಿನಲ್ಲಿ ಅರವತ್ತು ಜನ ಬ್ಲೌಸ್ ಹೊಲಿಯುವವರಾದರೆ ಹೊಲಿಸಿಕೊಳ್ಳುವವರು ಯಾರು? ಹದಿನಾರರ ಹುಡುಗಿಗೆ ಹೊಲಿಗೆ ಯಂತ್ರ ಕೊಡುವುದು ಎಷ್ಟೋ ಸಲ ಓದು ನಿಲ್ಲಿಸುವುದಕ್ಕೆ ಮರ್ಯಾದೆಯ ದಾರಿಯಾಗಿಬಿಡುತ್ತದೆ. ಹದಿನೆಂಟರೊಳಗಿನವರಿಗೆ ನಿಮ್ಮ ಪಂಚಾಯಿತಿ ಏನಾದರೂ ಮಾಡುವುದಿದ್ದರೆ ಎಸ್‌ಎಸ್‌ಎಲ್‌ಸಿ ಮುಗಿಸಲು ನೆರವಾಗಲಿ. ಫೇಲಾದವರು ಅದೇ ವರ್ಷ ಪರೀಕ್ಷೆ-2 ಬರೆಯಬಹುದು. ಫಲಿತಾಂಶ ಬಂದ ವಾರದಲ್ಲೇ ಪಟ್ಟಿ ಮಾಡಿ ಶುಲ್ಕ ಕಟ್ಟಿಸಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಗಣಿತ, ವಿಜ್ಞಾನ, ಇಂಗ್ಲಿಷಿಗೆ ಆರು ವಾರ ಪಾಠ ನಡೆಸಿ. ತಡಮಾಡಿದರೆ ಅವಳು ಊದುಬತ್ತಿ ಹೊಸೆಯಲು ಕೂತಿರುತ್ತಾಳೆ, ಆಮೇಲೆ ಎಬ್ಬಿಸುವುದು ಕಷ್ಟ.

ಹದಿನೆಂಟಾದವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ನಿಮ್ಮ ಕಡೆಯವರು ನರಸಾಪುರದ ಕಾರ್ಖಾನೆಗಳಿಗೆ ಹೋಗುವುದು ಹೆಚ್ಚು. ಸೇರುವ ಮುಂಚೆ ಗುಂಪಿನಲ್ಲೇ ಒಂದು ದಿನ ಸಂಬಳದ ಚೀಟಿ ಓದಲು ಕಲಿಸಿ: ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಕಡಿತ, ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಎಲ್ಲಿದೆ, ಸೇರಿಸಿಕೊಂಡದ್ದು ಕಂಪನಿಯೋ ಗುತ್ತಿಗೆದಾರನೋ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಬಿಟ್ಟುಬರಬಾರದು. ಜೆರಾಕ್ಸ್ ಕೊಟ್ಟರೆ ಸಾಕು.

ಪ್ರಶ್ನೆ: ಮಗಳಿಗೆ ಹದಿನೆಂಟು ತುಂಬುತ್ತಿದೆ. ಭಾಗ್ಯಲಕ್ಷ್ಮಿ ಬಾಂಡ್ ಹಣ ಪಡೆಯುವುದು ಹೇಗೆ?
— ತಾಯಿ, ಗುಬ್ಬಿ ತಾಲ್ಲೂಕು

ಉತ್ತರ: ಮೂಲ ಬಾಂಡ್, ಜನನ ಪ್ರಮಾಣಪತ್ರ, ಎಂಟನೇ ತರಗತಿವರೆಗೆ ಓದಿದ ದಾಖಲೆ, ಆಧಾರ್, ಮಗಳ ಹೆಸರಿನ ಪಾಸ್‌ಬುಕ್ ಜೊತೆ ಅಂಗನವಾಡಿ ಮೂಲಕ ಸಿಡಿಪಿಓ ಕಚೇರಿಗೆ ಕೊಡಿ. ಹದಿನೆಂಟರೊಳಗೆ ಮದುವೆಯಾಗಿದ್ದರೆ ಹಣವಿಲ್ಲ. 2008ರ ಆಗಸ್ಟ್ ನಂತರದ ಬಾಂಡಿನಲ್ಲಿ ಕುಟುಂಬದ ಮೊದಲ ಹೆಣ್ಣುಮಗುವಿಗೆ 1,00,097 ರೂಪಾಯಿ, ಎರಡನೆಯವಳಿಗೆ 1,00,052. ಅದಕ್ಕೂ ಹಿಂದಿನ ಬಾಂಡುಗಳಲ್ಲಿ ಮೊತ್ತ ಬಹಳ ಕಡಿಮೆ, ಬಾಂಡಿನ ಮೇಲಿರುವುದನ್ನೇ ನೋಡಿ. ಬಾಂಡಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಇದ್ದರೆ ಹುಟ್ಟುಹಬ್ಬದವರೆಗೆ ಕಾಯದೆ ಆರು ತಿಂಗಳು ಮುಂಚೆಯೇ ಕಚೇರಿಗೆ ಹೋಗಿ.

ಪ್ರಶ್ನೆ: ಮಕ್ಕಳ ಗ್ರಾಮಸಭೆಯಲ್ಲಿ ಪ್ರತಿ ವರ್ಷ ನಮ್ಮ ಹುಡುಗಿಯರು ಬೀದಿದೀಪ ಕೇಳುತ್ತಾರೆ. ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ, ದೀಪ ಬರಲ್ಲ.
— ಅಂಗನವಾಡಿ ಕಾರ್ಯಕರ್ತೆ, ಗುಡಿಬಂಡೆ ತಾಲ್ಲೂಕು

ಉತ್ತರ: "ಬೀದಿದೀಪ ಬೇಕು" ಎಂದು ಕೇಳಿದರೆ "ಕ್ರಮ ಕೈಗೊಳ್ಳಲಾಗುವುದು" ಎಂದೇ ಬರೆಯುತ್ತಾರೆ. ಕಂಬದ ನಂಬರ್ ಹಾಕಿ ಕೇಳಿಸಿ. ಸಭೆಗೆ ಎರಡು ವಾರ ಮುಂಚೆ ಹುಡುಗಿಯರೇ ಕತ್ತಲಾದ ಮೇಲೆ ಅಮ್ಮಂದಿರ ಜೊತೆ ಒಂದು ಸುತ್ತು ಬಂದು, ಯಾವ ಕಂಬದಲ್ಲಿ ಬಲ್ಬಿಲ್ಲ, ಯಾವುದರಲ್ಲಿ ಇದ್ದೂ ಉರಿಯುವುದಿಲ್ಲ, ಬಸ್‌ಸ್ಟಾಪಿನಿಂದ ಊರಿಗೆ ಎಷ್ಟು ಕಂಬಗಳ ದೂರ ಕತ್ತಲೆ ಎಂದು ಪಟ್ಟಿ ಮಾಡಲಿ. ಹೊಸ ಕಂಬ ನೆಡುವುದು ಬೇರೆ, ಇರುವ ಕಂಬಕ್ಕೆ ದೀಪ ಹಾಕುವುದು ಬೇರೆ. ಎರಡನೆಯದು ಪಂಚಾಯಿತಿಯ ಕೈಯಲ್ಲೇ ಇದೆ, ಅದನ್ನೇ ಮೊದಲು ಕೇಳಿ. ಪಟ್ಟಿಯ ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಮುಂದಿನ ಸಾಮಾನ್ಯ ಸಭೆಯ ನಡಾವಳಿಯಲ್ಲಿ ಅದು ಬಂತೇ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಡಾವಳಿಯ ನಕಲು ಕೇಳಬಹುದು, 30 ದಿನದೊಳಗೆ ಕೊಡಬೇಕು. ಅರ್ಜಿಗೆ ದೊಡ್ಡವರು ಸಹಿ ಹಾಕಲಿ, ಮಕ್ಕಳ ಹೆಸರು ಬೇಡ. ಬಿಸ್ಕತ್ತು ಕೊಟ್ಟರೆ ತಿನ್ನಲಿ ಬಿಡಿ, ಸೀಲು ಹಾಕಿಸಿಕೊಂಡ ಮೇಲೆ.